'ಹೆಲ್ದಿ ಚಾಯ್ಸ್' ರ‍್ಯಾಕಿಗೆ ನನ್ನ ರಿವ್ಯೂ: ಪ್ಯಾಕೆಟ್ ತಿರುಗಿಸಿ ನೋಡಿದ್ರೆ ಕಾಣೋ ಕೊಬ್ಬು

ಅಂಗಡಿ ಹೆಸರು ಹಾಕ್ತಿಲ್ಲ, ಶಿವಮೊಗ್ಗದಲ್ಲಿ ಸ್ವಲ್ಪ ದೊಡ್ಡದು ಅನ್ನಿಸ್ಕೊಳ್ಳೋ ಅಂಗಡಿಗಳಲ್ಲೆಲ್ಲ ಈಗ ಇಂಥದ್ದೊಂದು ರ‍್ಯಾಕ್ ಇದ್ದೇ ಇದೆ. ಹಸಿರು ಬೋರ್ಡು, ಅದರ ಮೇಲೊಂದು ಎಲೆ ಚಿತ್ರ, 'ಹೆಲ್ದಿ ಚಾಯ್ಸ್' ಅಂತ ಬರಹ, ಕೆಳಗೆ ಡಯಟ್ ಚೂಡ, ಬೇಕ್ಡ್ ಚಿಪ್ಸು, ಖಾಕ್ರ, ಓಟ್ಸ್ ಬಿಸ್ಕತ್ತು, ಪಕ್ಕದ ಫ್ರಿಜ್ಜಲ್ಲಿ ಫ್ಲೇವರ್ಡ್ ಯೋಗರ್ಟು. ನಾನು ಹೇಳ್ತಿರೋದು ವಿನೋಬನಗರ ಕಡೆ ಇರೋ ಒಂದರ ಬಗ್ಗೆ. ಅಂಗಡಿ ಒಟ್ಟಾರೆ ಚೆನ್ನಾಗಿದೆ, ಕ್ಲೀನಾಗಿ ಇಟ್ಕೊಂಡಿದಾರೆ, ಅಕ್ಕಿ ಬೇಳೆ ರೇಟು ಗಾಂಧಿ ಬಜಾರಿಗಿಂತ ಎರಡ್ಮೂರು ರೂಪಾಯಿ ಜಾಸ್ತಿ ಅನ್ನೋದು ಬಿಟ್ರೆ ನಂದೇನೂ ತಕರಾರಿಲ್ಲ. ಈ ರಿವ್ಯೂ ಆ ಹಸಿರು ರ‍್ಯಾಕಿಗೆ ಮಾತ್ರ.

ನಮ್ಮ ಅಪ್ಪಯ್ಯಂಗೆ ಕೊಲೆಸ್ಟ್ರಾಲ್ ಜಾಸ್ತಿ ಇದೆ, ಕರಿದಿದ್ದು ಕಮ್ಮಿ ಮಾಡಿ ಅಂತ ಡಾಕ್ಟ್ರು ಹೇಳಿದಾರೆ. ತೀರ್ಥಹಳ್ಳಿ ಕಡೆಯವ್ರಿಗೆ ಆಷಾಢದ ಮಳೇಲಿ ಸಂಜೆ ಕಾಫಿ ಜೊತೆ ಕುರುಕಲು ಬಿಡಿ ಅಂದ್ರೆ ಆಗೋ ಮಾತಾ ಮಾರಾಯ್ರೆ, ಅದಕ್ಕೆ ಅಮ್ಮ ಕಂಡ್ಕೊಂಡ ದಾರಿ ಈ ರ‍್ಯಾಕು. ತಿಂಗಳ ಸಾಮಾನಿನ ಜೊತೆ ಅಲ್ಲಿಂದ ಒಂದು ಬುಟ್ಟಿ ತುಂಬ ಬರುತ್ತೆ. ಅಲ್ಲಿ ಕೆಲಸಕ್ಕಿರೋ ಹುಡುಗನೂ ಅಮ್ಮಂಗೆ 'ಇದು ಡಯಟ್ ಐಟಮ್ಮು ಆಂಟಿ, ಎಷ್ಟು ತಿಂದ್ರೂ ಏನಾಗಲ್ಲ' ಅಂತ ಧೈರ್ಯ ಕೊಟ್ಟಿದಾನೆ. ಪಾಪ ಅವನದೇನು ತಪ್ಪು, ಅವನೂ ಬೋರ್ಡು ನೋಡೇ ಹೇಳೋದು. ನಾನು ಮಾಡಿದ್ದು ಇಷ್ಟೇ, ಒಂದೊಂದೇ ಪ್ಯಾಕೆಟ್ ತಿರುಗಿಸಿ ಹಿಂದಿನ ಟೇಬಲ್ಲು ಓದಿದೆ.

ಮೊದ್ಲು ಡಯಟ್ ಚೂಡ, ಅಪ್ಪಯ್ಯನ ಫೇವರಿಟ್ಟು. ಮುಂದೆ ದೊಡ್ಡಕ್ಷರದಲ್ಲಿ 'ಡಯಟ್', ಅದರ ಕೆಳಗೆ 'ರೋಸ್ಟೆಡ್', ಮೂಲೇಲಿ ಒಂದು ಗುಂಡು ಸೀಲು, '0% ಟ್ರಾನ್ಸ್ ಫ್ಯಾಟ್' (ಎಣ್ಣೆನ ವನಸ್ಪತಿ ಥರ ಗಟ್ಟಿ ಮಾಡುವಾಗ ಹುಟ್ಟೋ ಕೆಟ್ಟ ಕೊಬ್ಬು). ಹಿಂದೆ 100 ಗ್ರಾಂ ಲೆಕ್ಕದಲ್ಲಿ ಒಟ್ಟು ಫ್ಯಾಟ್ 21 ಗ್ರಾಂ, ಅದ್ರಲ್ಲಿ ಸ್ಯಾಚುರೇಟೆಡ್ (ಕೆಟ್ಟ ಕೊಲೆಸ್ಟ್ರಾಲ್ ಏರಿಸೋ ಥರದ ಕೊಬ್ಬು) 8.5 ಗ್ರಾಂ, ಎನರ್ಜಿ 477 ಕಿಲೋ ಕ್ಯಾಲರಿ (ನಾವು ಮಾತಲ್ಲಿ ಕ್ಯಾಲರಿ ಅನ್ನೋದು ಇದನ್ನೇ). ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ, ಹಿಟ್ಟು ಸಕ್ಕರೆ ಪ್ರೋಟೀನಿಗೆಲ್ಲ ಗ್ರಾಂಗೆ 4, ಈ ಎರಡು ನಂಬರ್ ನೆನಪಿದ್ರೆ ಅಂಗಡೀಲಿ ನಿಂತೇ ಲೆಕ್ಕ ಹಾಕ್ಬಹುದು. 21 ಇಂಟು 9 ಅಂದ್ರೆ 189, ಅಂದ್ರೆ ಈ ಡಯಟ್ ಚೂಡದ ಕ್ಯಾಲರಿಯಲ್ಲಿ ಹತ್ರಹತ್ರ ನೂರಕ್ಕೆ 40 ಬರೀ ಕೊಬ್ಬಿಂದ ಬಂದಿದ್ದು. ಪದಾರ್ಥಗಳ ಪಟ್ಟಿ ನೋಡಿದ್ರೆ ಮೊದ್ಲು ಅವಲಕ್ಕಿ, ಎರಡನೇದೇ ಪಾಮೋಲಿನ್, ಅಂದ್ರೆ ತಾಳೆ ಎಣ್ಣೆ. ಆ ಪಟ್ಟಿ ಯಾವಾಗ್ಲೂ ತೂಕದ ಪ್ರಕಾರ ಇಳಿಕೆ ಕ್ರಮದಲ್ಲೇ ಇರ್ಬೇಕು ಅನ್ನೋದು ರೂಲು, ಅಂದ್ಮೇಲೆ ಎರಡನೇ ಜಾಗದಲ್ಲಿ ಎಣ್ಣೆ ಕೂತಿದ್ರೆ ಕಡಲೆ, ಶೇಂಗಾ, ಕರಿಬೇವು ಎಲ್ಲಾನೂ ಅದಕ್ಕಿಂತ ಕಮ್ಮಿ ಅಂತಲೇ ಅರ್ಥ. ಹುರಿದಿದ್ದಾರೆ, ಹೌದು. ಹುರಿದ್ಮೇಲೆ ಎಣ್ಣೆ ಒಗ್ಗರಣೇಲಿ ಕಲಸಿದಾರೆ.

ನಮ್ಮಲ್ಲಿ ಲೋ ಫ್ಯಾಟ್ ಅಂತ ಬರೀಬೇಕಾದ್ರೆ ಗಟ್ಟಿ ಪದಾರ್ಥಕ್ಕೆ 100 ಗ್ರಾಂಗೆ 3 ಗ್ರಾಂ ಒಳಗೆ ಕೊಬ್ಬಿರ್ಬೇಕು, ದ್ರವಕ್ಕೆ 100 ಎಂಎಲ್‌ಗೆ 1.5 ಗ್ರಾಂ. ಫ್ಯಾಟ್ ಫ್ರೀ ಅನ್ನೋಕೆ 0.5 ಗ್ರಾಂ ದಾಟೋ ಹಾಗಿಲ್ಲ. ಎಫ್ಎಸ್ಎಸ್ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 2018ರಲ್ಲಿ ಜಾಹೀರಾತು ಮತ್ತು ಕ್ಲೇಮುಗಳಿಗೆ ಅಂತಲೇ ಮಾಡಿದ ನಿಯಮ ಇದು. ಈ ಚೂಡದಲ್ಲಿ ಕೊಬ್ಬು ಆ 3 ಗ್ರಾಂ ಲೋ ಫ್ಯಾಟ್ ಮಿತಿಯ ಏಳು ಪಟ್ಟು ಇದೆ. ಪ್ಯಾಕೆಟ್ ಪೂರ್ತಿ ಹುಡುಕಿದ್ರೂ 'ಲೋ ಫ್ಯಾಟ್' ಅನ್ನೋದು ಎಲ್ಲೂ ಕಾಣಲ್ಲ, ಬರ್ದವ್ರು ಬಲು ಜಾಣರು. ಡಯಟ್ ಅಂದ್ರು, ರೋಸ್ಟೆಡ್ ಅಂದ್ರು, ಟ್ರಾನ್ಸ್ ಫ್ಯಾಟ್ ಇಲ್ಲ ಅಂದ್ರು, ಫ್ಯಾಟ್ ಕಮ್ಮಿ ಅನ್ನೋ ತೀರ್ಮಾನ ನಾವೇ ಮಾಡ್ಕೊಂಡ್ವಿ.

ಟ್ರಾನ್ಸ್ ಫ್ಯಾಟ್ ಸೀಲಿಂದೂ ಅದೇ ಕತೆ. 100 ಗ್ರಾಂಗೆ 0.2 ಗ್ರಾಂಗಿಂತ ಕಮ್ಮಿ ಇದ್ರೆ ಹಂಗೆ ಹಾಕ್ಕೋಬಹುದು. ಡಾಲ್ಡಾದಂಥ ವನಸ್ಪತಿ ಜಾಸ್ತಿ ಬಳಸ್ತಿದ್ದ ಕಾಲದಲ್ಲಿ ಅದೊಂದು ಹೆಚ್ಚುಗಾರಿಕೆ ಇರ್ಬಹುದು, ಆದ್ರೆ ಜನವರಿ 2022ರಿಂದ ಎಣ್ಣೆ ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ ನೂರಕ್ಕೆ 2 ದಾಟಬಾರದು ಅಂತ ಎಲ್ಲರಿಗೂ ಮಿತಿ ಬಂದಾಗಿದೆ, ಮತ್ತೆ ಪಾಮೋಲಿನಲ್ಲಿ ಮೊದಲಿಂದ್ಲೂ ತೊಂದ್ರೆ ಟ್ರಾನ್ಸ್ ಫ್ಯಾಟಿಂದಲ್ಲ, ಸ್ಯಾಚುರೇಟೆಡ್ ಕೊಬ್ಬಿಂದು, ಅದರ ಎಣ್ಣೆಯಲ್ಲಿ ಹೆಚ್ಚುಕಮ್ಮಿ ನೂರಕ್ಕೆ 40 ಅದೇ. ಅಪ್ಪಯ್ಯನ ಡಾಕ್ಟ್ರು ಕಮ್ಮಿ ಮಾಡಿ ಅಂದಿದ್ದೂ ಅದನ್ನೇ. ಸೀಲು ಮಾತ್ರ ಇಲ್ಲದೇ ಇರೋದ್ರ ಬಗ್ಗೆ ಹೇಳುತ್ತೆ.

ಇನ್ನೊಂದು ನೋಡಿ, ಟೇಬಲ್ಲಲ್ಲಿ 'ಪ್ರತಿ ಸರ್ವಿಂಗ್' ಅಂತ, ಅಂದ್ರೆ ಒಂದು ಸಲಕ್ಕೆ ತಿನ್ನೋ ಪಾಲಿನ ಲೆಕ್ಕಕ್ಕೆ, ಒಂದು ಕಾಲಂ ಇರುತ್ತೆ. ಈ ಚೂಡದ ಸರ್ವಿಂಗ್ ಸೈಜು 20 ಗ್ರಾಂ. 20 ಗ್ರಾಂ ಅಂದ್ರೆ ಅಪ್ಪಯ್ಯ ಪೇಪರ್ ಬಿಚ್ಚೋದ್ರೊಳಗೆ ಮುಗಿಯೋ ಅಷ್ಟು. ಆ ಲೆಕ್ಕದಲ್ಲಿ ಫ್ಯಾಟ್ 4.2 ಗ್ರಾಂ, ದಿನದ ಮಿತಿಯ ನೂರಕ್ಕೆ 6 ಅಂತ ತೋರ್ಸುತ್ತೆ, ಓದೋಕೆ ಹಿತ. ಆ ದಿನದ ಮಿತಿ ಅನ್ನೋದು 2000 ಕ್ಯಾಲರಿ ಊಟ ಮಾಡೋರಿಗೆ ಒಟ್ಟು ಕೊಬ್ಬು 67 ಗ್ರಾಂ, ಸ್ಯಾಚುರೇಟೆಡ್ 22 ಗ್ರಾಂ ಅಂತ ಇಟ್ಕೊಂಡಿದ್ದು. ಒಂದು ಸ್ಟೀಲ್ ಬಟ್ಲು ತುಂಬ ಹಾಕ್ಕೊಂಡ್ರೆ ಆರಾಮಾಗಿ 60 ಗ್ರಾಂ, ಅಲ್ಲಿಗೆ ಕೊಬ್ಬು 12.6. ಇದು ಕುರುಕಲಿಗೆ ಮಾತ್ರ, ಮಧ್ಯಾಹ್ನದ ಹುಳಿ ಒಗ್ಗರಣೆ, ಬೆಳಗಿನ ದೋಸೆ ಬೇರೆ. ಹಾಗಾಗಿ ಸರ್ವಿಂಗ್ ಕಾಲಮ್ಮಿಗೆ ಕಣ್ಣು ಹಾಕ್ಲೇಬೇಡಿ, ಎರಡು ಪ್ಯಾಕೆಟ್ ಹೋಲಿಸೋಕೆ 100 ಗ್ರಾಂ ಕಾಲಂ ಒಂದೇ ಸರಿ. ಅದೊಂದು ನಮ್ಮ ದೇಶದ ಲೇಬಲ್ಲಿನ ಪುಣ್ಯ, ಅಮೆರಿಕದಲ್ಲಿ ಟೇಬಲ್ಲು ನಡೆಯೋದೇ ಸರ್ವಿಂಗ್ ಮೇಲೆ.

ಅದರ ಮಾದರಿನೂ ಈ ರ‍್ಯಾಕಲ್ಲೇ ಇದೆ! ಮೇಲ್ಗಡೆ ಸಾಲಲ್ಲಿ ಫಾರಿನ್ನಿಂದ ಬಂದ ಅಡುಗೆ ಎಣ್ಣೆ ಸ್ಪ್ರೇ ಡಬ್ಬಿ, ಶಿವಮೊಗ್ಗಕ್ಕೂ ಬಂತಲ್ಲ ಇದು ಅಂತ ಕೈಗೆ ತಗೊಂಡೆ. ಮುಂದೆ 'ಪ್ರತಿ ಸರ್ವಿಂಗಿಗೆ 0 ಗ್ರಾಂ ಫ್ಯಾಟ್'. ಡಬ್ಬಿ ಒಳಗಿರೋದು ಎಣ್ಣೆ, ಪಟ್ಟಿಯಲ್ಲಿ ಮೊದ್ಲ ಹೆಸರೂ ಎಣ್ಣೆನೇ, ಮತ್ತೆ ಕೊಬ್ಬು ಸೊನ್ನೆ ಹೆಂಗೆ ಅಂದ್ರೆ, ಸರ್ವಿಂಗ್ ಅಂದ್ರೆ ಕಾಲು ಸೆಕೆಂಡ್ ಒತ್ತೋದು ಅಂತೆ, ಕಾಲು ಗ್ರಾಂ. ಅಮೆರಿಕದ ರೂಲಲ್ಲಿ ಒಂದು ಸರ್ವಿಂಗಿಗೆ ಅರ್ಧ ಗ್ರಾಮಿಗಿಂತ ಕಮ್ಮಿ ಇದ್ರೆ ಸೊನ್ನೆ ಅಂತ ಬರ್ಕೋಬಹುದು. ಕಾಲು ಸೆಕೆಂಡಲ್ಲಿ ದೋಸೆ ಕಾವಲಿ ಒಂದು ಮೂಲೆನೂ ಒದ್ದೆಯಾಗಲ್ಲ. ನಾವು ಈರುಳ್ಳಿ ಅರ್ಧ ಕತ್ತರಿಸಿ ಎಣ್ಣೆಗದ್ದಿ ಕಾವಲಿಗೆ ಉಜ್ಜೋದೇ ಸಾಕು, ಖರ್ಚೂ ಇಲ್ಲ. ಆ ಡಬ್ಬಿಗೆ ಒಂದು ಸ್ಟಾರು, ಅದೂ ಡಬ್ಬಿ ನೋಡೋಕೆ ಚೆನ್ನಾಗಿದೆ ಅಂತ.

ಬೇಕ್ಡ್ ಚಿಪ್ಸ್ ಮೇಲೆ '40% ಕಡಿಮೆ ಫ್ಯಾಟ್' ಅಂತ ಇದೆ, ತಲೆ ಮೇಲೊಂದು ಸಣ್ಣ ಚುಕ್ಕಿ ಗುರುತು. ಆ ಗುರುತು ಹಿಡ್ಕೊಂಡು ಹೋದ್ರೆ ಪ್ಯಾಕೆಟ್ಟಿನ ಮಡಿಕೇಲಿ ಇರುವೆ ಸೈಜಿನ ಅಕ್ಷರದಲ್ಲಿ 'ನಮ್ಮ ಸಾಮಾನ್ಯ ಚಿಪ್ಸಿಗೆ ಹೋಲಿಸಿದರೆ' ಅಂತ. ಸಾಮಾನ್ಯದ್ದು ಎದುರಿನ ಸಾಲಲ್ಲೇ ಇತ್ತು, ಅದ್ರಲ್ಲಿ 34 ಗ್ರಾಂ, ಇದ್ರಲ್ಲಿ 20.4. ಲೆಕ್ಕ ಕರೆಕ್ಟಾಗಿದೆ, ಸುಳ್ಳೇನೂ ಇಲ್ಲ, ಹೋಲಿಕೆ ಕ್ಲೇಮಿಗೆ ಕನಿಷ್ಠ ನೂರಕ್ಕೆ 25 ವ್ಯತ್ಯಾಸ ಇರ್ಬೇಕು ಅನ್ನೋ ನಿಯಮನೂ ಪಾಸು. ಆದ್ರೆ ಯಾವುದಕ್ಕಿಂತ ಕಡಿಮೆ ಅನ್ನೋದು ಮುಖ್ಯ ತಾನೆ, 34ಕ್ಕಿಂತ ಕಡಿಮೆ ಅಂದ್ರೆ 20, ಅದು ನಮ್ಮ ಡಯಟ್ ಚೂಡದಷ್ಟೇ ಆಯ್ತು. ಗ್ರಾಂ ಲೆಕ್ಕದಲ್ಲಿ ರೇಟು ಮಾತ್ರ ಹತ್ರಹತ್ರ ಡಬಲ್. ರುಚಿ ಬಗ್ಗೆ ಹೇಳೋದಾದ್ರೆ ಮಳೆಗಾಲದ ಗಾಳಿಗೆ ಬಿಚ್ಚಿಟ್ಟ ಹಪ್ಪಳದ ಥರ ಇದೆ, ಅಪ್ಪಯ್ಯ ಎರಡು ತಿಂದು ನಾಯಿಗೆ ಹಾಕಿದ್ರು, ನಾಯಿ ಮೂಸಿ ಬಿಡ್ತು.

ನಂಗೆ ಜಾಸ್ತಿ ಸಿಟ್ಟು ಬಂದಿದ್ದು ಯೋಗರ್ಟಿನ ಮೇಲೆ, ಯಾಕಂದ್ರೆ ಇದನ್ನ ಮಕ್ಕಳಿಗೆ ಅಂತ ತಗೊಂಡ್ಹೋಗೋರೇ ಜಾಸ್ತಿ. ಸ್ಟ್ರಾಬೆರಿ ಚಿತ್ರ, '98% ಫ್ಯಾಟ್ ಫ್ರೀ'. ಅಂದ್ರೆ 100 ಗ್ರಾಂಲಿ 2 ಗ್ರಾಂ ಕೊಬ್ಬು, ಸರಿ. ಈಗ ಮನೇಲಿ ನಂದಿನಿ ನೀಲಿ ಪ್ಯಾಕೆಟ್ ಹಾಲಿಗೆ ಹೆಪ್ಪು ಹಾಕಿದ ಮೊಸರು ತಗೊಳ್ಳಿ. ಅದು ಟೋನ್ಡ್ ಹಾಲು, ಕೊಬ್ಬು ನೂರಕ್ಕೆ 3. ಇದೇ ಭಾಷೇಲಿ ಹೇಳೋದಾದ್ರೆ ಇಲ್ಲಿ ನಂದಿನಿ ಹಾಲು ಪ್ಯಾಕ್ ಮಾಡೋ ಮಾಚೇನಹಳ್ಳಿ ಡೈರಿಯವ್ರೂ '97% ಫ್ಯಾಟ್ ಫ್ರೀ' ಅಂತ ಹಾಕ್ಕೊಂಡು ಪ್ಯಾಕೆಟ್ಟಿಗೆ ಎಲೆ ಚಿತ್ರ ಬರೀಬಹುದಿತ್ತು, ಅವ್ರು 'ಕೊಬ್ಬು 3.0%, ಎಸ್ಎನ್ಎಫ್ 8.5%' (ಎಸ್ಎನ್ಎಫ್ ಅಂದ್ರೆ ಕೊಬ್ಬು ಬಿಟ್ಟು ಉಳಿದ ಘನಾಂಶ) ಅಂತ ಸುಮ್ನೆ ಬರ್ದು ಬಿಟ್ಟಿದಾರೆ. ಇಷ್ಟಕ್ಕೂ ಈ ನೂರಕ್ಕೆ ಇಷ್ಟು ಅನ್ನೋ ಲೆಕ್ಕ ತೂಕದ್ದು, ಹಾಲಲ್ಲಿ ಮೊಸರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರೋದು, ನೀರಿನ ತೂಕ ಸೇರ್ಸಿದ್ರೆ ಕೊಬ್ಬಿನ ಪಾಲು ಚಿಕ್ಕದಾಗಿ ಕಾಣದೇ ಇನ್ನೇನು. ಕ್ಯಾಲರಿ ಲೆಕ್ಕಕ್ಕೆ ಬನ್ನಿ, ನೀಲಿ ಪ್ಯಾಕೆಟ್ ಹಾಲಲ್ಲಿ 100 ಎಂಎಲ್‌ಗೆ ಸುಮಾರು 58 ಕ್ಯಾಲರಿ, ಅದ್ರಲ್ಲಿ 27 ಕೊಬ್ಬಿಂದು, ಹತ್ರಹತ್ರ ಅರ್ಧ! ಹಂಗಂತ ಹಾಲು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಒಂದು ಲೋಟಕ್ಕೆ 6 ಗ್ರಾಂ ಕೊಬ್ಬು ಅಷ್ಟೇ, ಕುಡೀರಿ. 98, 97 ಅನ್ನೋ ದೊಡ್ಡ ನಂಬರಿಗೆ ಹೆದರಿ ಮೆಚ್ಚಿಕೊಳ್ಳೋದು ಬೇಡ ಅಂತ.

ಯೋಗರ್ಟಿಗೆ ವಾಪಸ್ ಬರ್ತೀನಿ. ಮನೆ ಮೊಸರಿಗೂ ಇದಕ್ಕೂ ಕೊಬ್ಬಲ್ಲಿ ವ್ಯತ್ಯಾಸ ಒಂದೇ ಒಂದು ಗ್ರಾಂ. ಆ ಒಂದು ಗ್ರಾಂ ತೆಗೆದ ಜಾಗಕ್ಕೆ ಹಾಕಿದ ಸಕ್ಕರೆ 11 ಗ್ರಾಂ, ಅದೂ 'ಆ್ಯಡೆಡ್ ಶುಗರ್' ಅಂತ ಅವರೇ ಹಿಂದೆ ಬರ್ದಿದಾರೆ, ಎರಡು ಚಮಚಕ್ಕಿಂತ ಜಾಸ್ತಿ. ಮನೆ ಮೊಸರು 100 ಗ್ರಾಂಗೆ 60 ಕ್ಯಾಲರಿ ಆಸುಪಾಸು, ಈ ಕಪ್ಪಿನ ಯೋಗರ್ಟು 96. ಫ್ಯಾಟ್ ಫ್ರೀ ಅನ್ನೋ ದಪ್ಪ ಅಕ್ಷರದ ಕಪ್ಪಲ್ಲಿ ಮನೆ ಮೊಸರಿಗಿಂತ ಒಂದೂವರೆ ಪಟ್ಟು ಕ್ಯಾಲರಿ. ಕೊಬ್ಬು ತೆಗೆದ್ರೆ ರುಚಿನೂ ಮಂದವೂ ಎರಡೂ ಹೋಗುತ್ತೆ, ಅದಕ್ಕೆ ಸಕ್ಕರೆ, ಗಂಜಿ ಪುಡಿ, ಮಾಲ್ಟೋಡೆಕ್ಸ್ಟ್ರಿನ್ನು (ಪಿಷ್ಟದಿಂದ ಮಾಡೋ ಪುಡಿ) ಇಂಥವನ್ನ ತುಂಬ್ತಾರೆ, ಇದು ಲೋ ಫ್ಯಾಟ್ ಬಿಸ್ಕತ್ತಿಂದ ಹಿಡಿದು ಸಲಾಡ್ ಡ್ರೆಸ್ಸಿಂಗ್ ತನಕ ಎಲ್ಲಾ ಕಡೆ ನಡೆಯೋದೇ. ಫ್ಯಾಟ್ ಫ್ರೀ ಆಗಿದ್ರೆ ಸಾಕು ಅನ್ನೋರು ಸಾಗರದ ಜೋನಿ ಬೆಲ್ಲ ಡಬ್ಬಿಗಟ್ಲೆ ಕುಡೀಬಹುದು, ಅದ್ರಲ್ಲಿ ಕೊಬ್ಬು ಹುಡುಕಿದ್ರೂ ಸಿಗಲ್ಲ. ತೊಡದೇವೂ (ಬಿಸಿ ಮಡಕೆ ಮೇಲೆ ಸವರಿ ಮಾಡೋ ತೆಳು ಸಿಹಿ) ಹಂಗೇ, ಮಡಕೆಗೆ ಸವರೋ ಜಿಡ್ಡು ಬಿಟ್ರೆ ಬೇರೇನಿಲ್ಲ, ನಮ್ಮ ಚಿಕ್ಕಮ್ಮಂಗೆ ಹೇಳ್ಬೇಕು, ಹಸಿರು ಎಲೆ ಹಾಕಿ ಮಾರು ಅಂತ.

ಕೊಲೆಸ್ಟ್ರಾಲ್ ವಿಷ್ಯ ಅಪ್ಪಯ್ಯಂಗೆ ಸಂಬಂಧಪಟ್ಟಿದ್ದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ತೆಂಗಿನೆಣ್ಣೇಲಿ ಕರಿದ ಬಾಳೆಕಾಯಿ ಚಿಪ್ಸ್ ಪ್ಯಾಕೆಟ್ಟು, 'ಕೊಲೆಸ್ಟ್ರಾಲ್ ಫ್ರೀ' ಅಂತ ಕೆಂಪು ಹೃದಯದ ಚಿತ್ರದೊಳಗೆ ಬರ್ದಿದೆ. ಕೊಲೆಸ್ಟ್ರಾಲ್ ಅನ್ನೋದು ಇರೋದೇ ಪ್ರಾಣಿ ಮೂಲದ ಪದಾರ್ಥದಲ್ಲಿ, ಹಾಲು, ತುಪ್ಪ, ಮೊಟ್ಟೆ, ಮಾಂಸ ಇಂಥವ್ರಲ್ಲಿ. ಬಾಳೆಕಾಯಿಗೂ ತೆಂಗಿನಕಾಯಿಗೂ ಎಲ್ಲಿಂದ ಬರುತ್ತೆ? ಆದ್ರೆ ತೆಂಗಿನೆಣ್ಣೇಲಿ ನೂರಕ್ಕೆ 90ರ ಹತ್ರ ಸ್ಯಾಚುರೇಟೆಡ್ ಕೊಬ್ಬು, ನಮ್ಮ ಲಿವರ್ರೇ ಕೊಲೆಸ್ಟ್ರಾಲ್ ತಯಾರು ಮಾಡುತ್ತೆ, ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರೋಕೆ ತಿಂದ ಕೊಲೆಸ್ಟ್ರಾಲಿಗಿಂತ ಈ ಸ್ಯಾಚುರೇಟೆಡ್ ಕೊಬ್ಬೇ ಹೆಚ್ಚು ಕಾರಣ. ಈ ಪ್ಯಾಕೆಟ್ಟಲ್ಲಿ ಅದು 100 ಗ್ರಾಂಗೆ 29 ಗ್ರಾಂ. ನಿಯಮದ ಪ್ರಕಾರ ಗಟ್ಟಿ ಪದಾರ್ಥಕ್ಕೆ ಕೊಲೆಸ್ಟ್ರಾಲ್ ಫ್ರೀ ಅನ್ನೋಕೆ ಸ್ಯಾಚುರೇಟೆಡ್ ಕೊಬ್ಬು 1.5 ಗ್ರಾಂ ಒಳಗಿರ್ಬೇಕು ಅನ್ನೋ ಷರತ್ತೂ ಇದೆ, ಅದನ್ನ ಓದಿದವ್ರು ಪ್ಯಾಕೆಟ್ ಪ್ರಿಂಟ್ ಮಾಡ್ಸೋರಲ್ಲಿ ಯಾರೂ ಇಲ್ವೇನೋ. ಚಿಪ್ಸ್ ರುಚಿ ಮಾತ್ರ ಬಲು ಚೆನ್ನಾಗಿದೆ, ಹಬ್ಬಕ್ಕೆ ತಗೊಳ್ಳಿ, ಹೃದಯದ ಚಿತ್ರ ನಂಬಿ ತಗೋಬೇಡಿ.

ಎಣ್ಣೆ ಸಾಲಲ್ಲೂ ಇಂಥದ್ದೇ. 'ಲೈಟ್' ಅಂತ ಬರ್ದ ಆಲಿವ್ ಎಣ್ಣೆಗೂ ಗಾಣದ ಶೇಂಗಾ ಎಣ್ಣೆಗೂ ಕ್ಯಾಲರಿ ಒಂದೇ, 100 ಗ್ರಾಂಗೆ 900, ಆ ಲೈಟು ಬಣ್ಣ ಪರಿಮಳಕ್ಕೆ ಸೇರಿದ್ದು. ಅದರ ಪಕ್ಕ 'ಮಲೆನಾಡು ಗಿಡ್ಡ ಎ2 ತುಪ್ಪ' ಅಂತ ಗಾಜಿನ ಬಾಟ್ಲಿ, ರೇಟು ಕೇಳಿ ಅಮ್ಮ ಬಾಟ್ಲಿ ಕೆಳಗಿಟ್ರು. ಎ1 ಎ2 ಅನ್ನೋದು ಹಾಲಿನ ಒಂದು ಪ್ರೋಟೀನಿನ ವಿಚಾರ, ತುಪ್ಪ ಅಂದ್ರೆ ಪೂರ್ತಿ ಕೊಬ್ಬು, ಪ್ರೋಟೀನ್ ಅದ್ರಲ್ಲಿ ಇಲ್ಲವೇ ಇಲ್ಲ ಅನ್ನೋಷ್ಟು. ಆಗಸ್ಟ್ 2024ರಲ್ಲಿ ಎಫ್ಎಸ್ಎಸ್ಎಐ ಈ ಕ್ಲೇಮ್ ತೆಗೀರಿ ಅಂತ ಸೂಚನೆ ಹೊರಡ್ಸಿ ವಾರದೊಳಗೆ ವಾಪಸ್ ತಗೊಂಡಿದ್ದೂ ಆಯ್ತು. ಗಿಡ್ಡ ತಳಿ ಉಳೀಬೇಕು, ಸಾಕೋರಿಗೆ ನಾಲ್ಕು ಕಾಸು ಜಾಸ್ತಿ ಸಿಗ್ಲಿ ಅನ್ನೋ ಆಸೆ ನಂಗೂ ಇದೆ, ಹಾಗಿದ್ರೆ ಆ ಕಾರಣಕ್ಕೇ ಕೊಂಡ್ಕೊಳ್ಳಿ.

ಹಲಸಿನ ಹಪ್ಪಳದ ಪ್ಯಾಕೆಟ್ಟಿದೆ, ಸಾಗರ ಕಡೆ ಮಹಿಳೆಯರ ಗುಂಪೊಂದು ಮಾಡಿದ್ದು. ಇಡೀ ರ‍್ಯಾಕಲ್ಲಿ ನಿಜವಾಗ್ಲೂ ಕೊಬ್ಬು ಕಮ್ಮಿ ಇರೋದು ಇದೇ, ಹಿಂದೆ 1 ಗ್ರಾಮಿನ ಆಸುಪಾಸು ಇದೆ, ಮುಂದೆ ಒಂದು ಕ್ಲೇಮೂ ಇಲ್ಲ, ಹಲಸಿನ ಹಣ್ಣಿನ ಚಿತ್ರ ಅಷ್ಟೇ. ಆದ್ರೆ ಆ ಲೆಕ್ಕ ಹಸಿ ಹಪ್ಪಳದ್ದು. ಎಣ್ಣೆಗೆ ಬಿಟ್ರೆ ಅದು ಕುಡಿಯೋ ಎಣ್ಣೆ ಲೇಬಲ್ಲಲ್ಲಿ ಎಲ್ಲಿರುತ್ತೆ? ಕೆಂಡದ ಮೇಲೋ ಗ್ಯಾಸಿನ ಜಾಲರಿ ಮೇಲೋ ಸುಟ್ಟುಕೊಂಡ್ರೆ ಮಾತ್ರ ಪ್ಯಾಕೆಟ್ಟಿನ ನಂಬರು ನಿಮ್ಮ ತಟ್ಟೆಗೂ ಅನ್ವಯ. ಅಪ್ಪಯ್ಯ ಈಗ ಸುಟ್ಟ ಹಪ್ಪಳಕ್ಕೆ ಒಗ್ಗಿದಾರೆ, ಮೇಲೆ ಕಾಯಿತುರಿ ಉದುರ್ಸಿ ಅಂತಾರೆ, ಅಲ್ಲಿಗೆ ಮತ್ತೆ ಸ್ಯಾಚುರೇಟೆಡ್ಡು, ಇರ್ಲಿ, ಒಂದು ಚಿಟಿಕೆ.

ಫ್ರೀಜರ್ ಬಗ್ಗೆ ಒಂದು ಮಾತು. ಅಲ್ಲಿ 'ಫ್ರೋಜನ್ ಡೆಸರ್ಟ್' ಅಂತ ಇರೋದು ಐಸ್‌ಕ್ರೀಮ್ ಅಲ್ಲ, ಹಾಲಿನ ಕೊಬ್ಬಿನ ಬದ್ಲು ಸಸ್ಯದ ಎಣ್ಣೆ ಹಾಕಿದ್ದು. ಐಸ್‌ಕ್ರೀಮ್ ಅನ್ನಿಸ್ಕೊಳ್ಳೋಕೆ ಹಾಲಿನ ಕೊಬ್ಬು ಕನಿಷ್ಠ ನೂರಕ್ಕೆ 10 ಇರ್ಬೇಕು, ಲೋ ಫ್ಯಾಟ್ ಐಸ್‌ಕ್ರೀಮಿಗೆ 2.5 ದಾಟಬಾರದು. ನೂರಕ್ಕೆ 10 ಅಂದ್ರೂ ಚೂಡದ ಅರ್ಧ ಆಯ್ತು ನೋಡಿ, ಆದ್ರೆ ಐಸ್‌ಕ್ರೀಮಿಗೆ ಹಸಿರು ಬೋರ್ಡು ಸಿಗಲ್ಲ ಪಾಪ.

ಅಂಗಡಿ ಮಾಲೀಕರ ಹತ್ರನೂ ಮಾತಾಡ್ದೆ. 'ಕಂಪ್ನಿಯವ್ರು ಡಯಟ್ ಅಂತ ಕಳಿಸ್ತಾರೆ ಮೇಡಂ, ನಾವು ಡಯಟ್ ಸಾಲಲ್ಲಿ ಇಡ್ತೀವಿ, ನಮ್ಮ ಹತ್ರ ಏನು ಲ್ಯಾಬ್ ಇದ್ಯಾ' ಅಂದ್ರು. ಲ್ಯಾಬ್ ಬೇಡ ಸಾರ್, ಪ್ಯಾಕೆಟ್ ಹಿಂದೆನೇ ಬರ್ದಿದೆ, ಆ ಬೋರ್ಡು ಮಾತ್ರ ನಿಮ್ದಲ್ವಾ, ಕಂಪ್ನಿಯವ್ರದ್ದಲ್ಲ ಅಂದೆ. ನಕ್ಕು, ನೋಡೋಣ ಮೇಡಂ ಅಂದ್ರು. ಬೋರ್ಡು ಇನ್ನೂ ಅಲ್ಲೇ ಇದೆ. ಬಾಳೆಕಾಯಿ ಚಿಪ್ಸಿನಂಥ ಕ್ಲೇಮು ಕಂಡ್ರೆ ಎಫ್ಎಸ್ಎಸ್ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಲ್ಲಿ ಪ್ಯಾಕೆಟ್ ಫೋಟೋ ಹಾಕಿ ದೂರು ಕೊಡ್ಬಹುದು, ಪ್ಯಾಕೆಟ್ ಮೇಲಿರೋ 14 ಅಂಕಿಯ ಲೈಸೆನ್ಸ್ ನಂಬರ್ ಸರಿಯಾಗಿ ಕಾಣೋ ಹಾಗೆ ಫೋಟೋ ತೆಗೀರಿ.

ಸದ್ಯಕ್ಕೆ ನಮ್ಮ ಬುಟ್ಟೀಲಿ ಉಳ್ಕೊಂಡಿರೋದು ಹಲಸಿನ ಹಪ್ಪಳ, ಹುರಿಗಡಲೆ, ಮತ್ತೆ ಒಂದು ಬ್ರ್ಯಾಂಡಿನ ಖಾಕ್ರ, ಅದ್ರಲ್ಲೂ 9 ಗ್ರಾಂ ಕೊಬ್ಬಿದೆ ಆದ್ರೆ ಎಣ್ಣೆ ಪಟ್ಟಿಯಲ್ಲಿ ಹಿಂದೆ ಇದೆ, ಅಪ್ಪಯ್ಯಂಗೂ ಹಿಡಿಸ್ತು. ಚೂಡ ಅಮ್ಮ ಮನೇಲೇ ಮಾಡ್ತಾರೆ, ತೆಳು ಅವಲಕ್ಕಿ ಬಾಣಲೇಲಿ ಒಣ ಹುರಿದು ಎರಡು ಚಮಚ ಎಣ್ಣೆ ಒಗ್ಗರಣೆ.

ಅಂಗಡಿಗೆ 4 ಸ್ಟಾರು, ಹಸಿರು ರ‍್ಯಾಕಿಗೆ 2. ತರಕಾರಿ ಬುಧವಾರ ಫ್ರೆಶ್ ಬರುತ್ತೆ, ಪಾರ್ಕಿಂಗ್ ಸ್ಕೂಟರಿಗೆ ಮಾತ್ರ ಸಾಕು, ಭಾನುವಾರ ಸಂಜೆ ಬಿಲ್ಲಿಂಗಿಗೆ ಒಂದೇ ಕೌಂಟರ್ ಇರೋದ್ರಿಂದ ಆ ಹೊತ್ತಿಗೆ ಹೋಗ್ಬೇಡಿ. ಲೇಬಲ್ ಓದೋರು ಓದೋ ಕನ್ನಡಕ ತಗೊಂಡು ಹೋಗಿ, ಆ ರ‍್ಯಾಕಿನ ಮೇಲಿನ ಲೈಟು ಹೋಗಿ ತುಂಬ ದಿನ ಆಯ್ತು.